ಚಿಕಿತ್ಸೆ ಕಾಣದ ಮನೋರೋಗವೂ ಮನೆಯೊಳಗಿನ ಮರಣಗಳೂ

ಪತ್ರಿಕೆಗಳನ್ನು ನಿತ್ಯವೂ ಓದುವವರಿಗೆ ಒಂದು ಬಗೆಯ ಸುದ್ದಿ ಅಪರಿಚಿತವಲ್ಲ. ಯಾವುದೋ ಊರಿನಲ್ಲಿ ತಾಯಿಯೋ ತಂದೆಯೋ ತನ್ನ ಮಕ್ಕಳ ಪ್ರಾಣವನ್ನು ತೆಗೆದು ತಾನೂ ಪ್ರಾಣ ಬಿಟ್ಟ ಸುದ್ದಿ ಅದು. ಹತ್ತು ಹನ್ನೆರಡು ಸಾಲುಗಳಲ್ಲಿ ಅದು ಮುಗಿದುಹೋಗುತ್ತದೆ. ಅದರ ಕೊನೆಯ ಸಾಲು ಅನೇಕ ವೇಳೆ ಒಂದೇ ರೀತಿಯಾಗಿರುತ್ತದೆ: ಮೃತರು ಕೆಲವು ದಿನಗಳಿಂದ ಮಾನಸಿಕವಾಗಿ ಅಸ್ವಸ್ಥರಾಗಿದ್ದರೆಂದು ತಿಳಿದುಬಂದಿದೆ. ಓದಿದವರು ‘ಹೆತ್ತ ಕೈಯೇ ಹೀಗೆ ಮಾಡುವುದುಂಟೆ?’ ಎಂದು ಮರುಗಿ, ವಿಧಿಯನ್ನೋ ಕಾಲವನ್ನೋ ದೂರಿ, ಪುಟವನ್ನು ಮಗುಚುತ್ತಾರೆ.

ವಿಚಾರ ಮಾಡಿ ನೋಡಿದರೆ ಆ ಸುದ್ದಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದುದು ಆ ಕೊನೆಯ ಸಾಲೇ. ‘ಕೆಲವು ದಿನಗಳಿಂದ’ ಎಂದರೆ ಎಷ್ಟು ದಿನಗಳಿಂದ? ಅಷ್ಟು ದಿನ ಅದನ್ನು ಕಂಡವರು ಯಾರು? ಕಂಡವರು ಮಾಡಬಹುದಾಗಿದ್ದುದೇನು? ಇವು ನೀತಿಬೋಧೆಯ ಪ್ರಶ್ನೆಗಳಲ್ಲ. ವಿಜ್ಞಾನವು ಬಹುಮಟ್ಟಿಗೆ ಉತ್ತರ ಹೇಳಬಲ್ಲ ಪ್ರಶ್ನೆಗಳು.

ಇದನ್ನು ಬರೆಯುವಾಗ ನಾವು ಗುಬ್ಬಿ ತಾಲ್ಲೂಕಿನ ಚೇಳೂರಿನಂತಹ ಒಂದು ಹೋಬಳಿಯ ಊರನ್ನು ಕಣ್ಣ ಮುಂದೆ ಇಟ್ಟುಕೊಂಡಿದ್ದೇವೆ. ಹಲಸಿನ ಹಣ್ಣಿನ ವ್ಯಾಪಾರಕ್ಕೆ ಹೆಸರಾದ ಊರು ಅದು. ಸುತ್ತಲೂ ತೆಂಗು, ಅಡಕೆಯ ತೋಟಗಳು. ಇಂತಹ ಊರುಗಳಲ್ಲಿ ಒಬ್ಬರ ಮನೆಯ ಹಸು ಒಂದು ಹೊತ್ತು ಮೇವು ಬಿಟ್ಟರೆ ಸಂಜೆಯೊಳಗೆ ನಾಲ್ಕು ಜನ ಬಂದು ವಿಚಾರಿಸುತ್ತಾರೆ. ಅದೇ ಮನೆಯ ಗೃಹಿಣಿ ಇಪ್ಪತ್ತು ರಾತ್ರಿ ನಿದ್ದೆ ಮಾಡದಿದ್ದರೆ ಅದು ‘ಮನೆಯ ಮಾತು’ ಆಗಿ ಒಳಗೇ ಉಳಿಯುತ್ತದೆ. ಈ ಲೇಖನದ ವಿಷಯವು ಈ ವ್ಯತ್ಯಾಸದಲ್ಲಿಯೇ ಅಡಗಿದೆ.

ಮುಂದುವರಿಯುವ ಮೊದಲು ಎರಡು ಮಾತುಗಳನ್ನು ಸ್ಪಷ್ಟಪಡಿಸಬೇಕು. ಮೊದಲನೆಯದು, ಮನೋರೋಗಿಗಳು ಕ್ರೂರಿಗಳೆಂಬ ಭಾವನೆ ತಪ್ಪು. ಅವರಲ್ಲಿ ಬಹುಪಾಲು ಮಂದಿ ಯಾರಿಗೂ ಕೇಡು ಮಾಡುವುದಿಲ್ಲ. ಇತರರ ಹಿಂಸೆಗೆ ತಾವೇ ಗುರಿಯಾಗುವ ಸಂಭವವೇ ಹೆಚ್ಚು. ಎರಡನೆಯದು, ಮನೆಯೊಳಗೆ ನಡೆಯುವ ಇಂತಹ ಮರಣಗಳಿಗೆಲ್ಲ ರೋಗವೇ ಕಾರಣವಲ್ಲ. ಸಾಲ, ಸಂಶಯ, ದ್ವೇಷ, ಕುಡಿತ ಇವುಗಳಿಂದ ಆಗತಕ್ಕವೂ ಉಂಟು. ಆದರೆ ರೋಗವೇ ಮೂಲವಾದ ಪ್ರಕರಣಗಳೂ ಉಂಟು. ಅವುಗಳನ್ನು ತಡೆಯುವ ಉಪಾಯ ನಮ್ಮ ಕೈಯಲ್ಲಿ ಇರುವುದರಿಂದ ಅವುಗಳನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಉಚಿತ.

ಅಳತೆಯ ಸಾಧನವೇ ಕೆಟ್ಟರೆ

ಭೌತಶಾಸ್ತ್ರದ ಪ್ರಯೋಗಶಾಲೆಗೆ ಬರುವ ವಿದ್ಯಾರ್ಥಿಗೆ ಮೊದಲು ಕಲಿಸುವ ಪಾಠಗಳಲ್ಲಿ ‘ಶೂನ್ಯ ದೋಷ’ವೆಂಬುದು ಒಂದು. ಸ್ಕ್ರೂ ಗೇಜಿನ ದವಡೆಗಳನ್ನು ಪೂರ್ತಿ ಮುಚ್ಚಿದಾಗ ಅದು ಸೊನ್ನೆಯನ್ನು ತೋರಿಸಬೇಕು. ಹಾಗೆ ತೋರಿಸದೆ ಬೇರೊಂದು ಅಂಕಿಯನ್ನು ತೋರಿಸಿದರೆ, ಮುಂದೆ ಎಷ್ಟೇ ಎಚ್ಚರಿಕೆಯಿಂದ ಅಳೆದರೂ ಪ್ರತಿಯೊಂದು ಅಳತೆಯೂ ತಪ್ಪಾಗುತ್ತದೆ. ಇದರಲ್ಲಿ ಗಮನಿಸಬೇಕಾದ ಅಂಶವೇನೆಂದರೆ, ಅಳೆಯುವವನ ಶ್ರದ್ಧೆಯಾಗಲಿ ಪ್ರಾಮಾಣಿಕತೆಯಾಗಲಿ ಈ ದೋಷವನ್ನು ನಿವಾರಿಸಲಾರದು. ದೋಷವಿದೆಯೆಂಬುದು ತಿಳಿಯಬೇಕಾದರೆ ಆ ಸಾಧನವನ್ನು ಅದರ ಹೊರಗಿನ ಒಂದು ಪ್ರಮಾಣದೊಡನೆ ಹೋಲಿಸಿ ನೋಡಬೇಕು. ಸಂತೆಯ ತಕ್ಕಡಿಯೂ ಹೀಗೆಯೇ. ತಟ್ಟೆಯೊಂದು ಮೊದಲೇ ವಾಲಿದ್ದರೆ ಆ ತಕ್ಕಡಿಯಲ್ಲಿ ತೂಗಿದ ಪ್ರತಿಯೊಂದು ತೂಕವೂ ತಪ್ಪಾಗುತ್ತದೆ.

ತೀವ್ರ ಖಿನ್ನತೆಯೆಂಬ ರೋಗದಲ್ಲಿ ಆಗುವುದು ಸರಿಸುಮಾರಾಗಿ ಇದೇ. ನಾವೆಲ್ಲರೂ ಮನಸ್ಸಿನಿಂದಲೇ ಲೋಕವನ್ನು ಅಳೆಯುತ್ತೇವೆ. ನಾಳೆ ಹೇಗಿರುತ್ತದೆ, ನಮ್ಮಿಂದ ಮನೆಗೆ ಪ್ರಯೋಜನವೆಷ್ಟು, ಮಾಡಿದ ತಪ್ಪು ಎಷ್ಟು ದೊಡ್ಡದು ಎಂಬ ಲೆಕ್ಕಗಳು ನಮಗೆ ಅರಿವಿಲ್ಲದೆಯೇ ಒಳಗೆ ನಡೆಯುತ್ತಿರುತ್ತವೆ. ಖಿನ್ನತೆಯಲ್ಲಿ ಈ ಲೆಕ್ಕದ ಸೊನ್ನೆಯೇ ಜಾರಿಹೋಗುತ್ತದೆ. ಸಣ್ಣ ಸಾಲ ತೀರಿಸಲಾರದ ಸಾಲವಾಗಿ ಕಾಣುತ್ತದೆ. ಎಂದೋ ಆಡಿದ ಒಂದು ಮಾತು ಮಹಾಪಾಪವಾಗಿ ಕಾಣುತ್ತದೆ. ಮಗುವಿಗೆ ಬಂದ ನೆಗಡಿ ಅದರ ಆಯುಷ್ಯವೇ ಮುಗಿದ ಲಕ್ಷಣವಾಗಿ ಕಾಣುತ್ತದೆ. ರೋಗ ಇನ್ನೂ ಉಲ್ಬಣಿಸಿದರೆ ಭ್ರಾಂತಿಗಳು ಹುಟ್ಟುತ್ತವೆ. ಭ್ರಾಂತಿಯೆಂದರೆ ಯಾವ ಪುರಾವೆಯಿಂದಲೂ ಅಲುಗದ ಸುಳ್ಳು ನಂಬಿಕೆ. ಕಿವಿಗೆ ಇಲ್ಲದ ಧ್ವನಿಗಳು ಕೇಳಿಸುವುದೂ ಉಂಟು.

ಇಂತಹ ಮನಸ್ಸು ತರ್ಕವನ್ನು ಬಿಡುವುದಿಲ್ಲ. ತಪ್ಪು ಅಳತೆಯ ಮೇಲೆ ಸರಿಯಾಗಿಯೇ ತರ್ಕ ಮಾಡುತ್ತದೆ. ಭಯಾನಕವಾದ ಸಂಗತಿಯೆಂದರೆ ಇದೇ. ‘ಲೋಕ ದುಃಖಮಯ, ನಾನು ಉಳಿಯುವುದಿಲ್ಲ, ನಾನಿಲ್ಲದ ಮೇಲೆ ಈ ಮಕ್ಕಳ ಗತಿಯೇನು? ಇವರನ್ನು ಇಲ್ಲಿ ಬಿಟ್ಟುಹೋಗುವುದು ಕ್ರೌರ್ಯ’ ಎಂದು ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಇದನ್ನು ವೈದ್ಯರು ‘ವಿಸ್ತೃತ ಆತ್ಮಹತ್ಯೆ’ ಎಂದು ಕರೆಯುವುದುಂಟು. ಅಮೆರಿಕದ ಮನೋವೈದ್ಯ ಫಿಲಿಪ್ ರೆಸ್ನಿಕ್ ಅವರು 1969ರಲ್ಲಿ, ತಂದೆತಾಯಿಗಳಿಂದ ಮಕ್ಕಳ ಹತ್ಯೆಯಾದ 131 ಪ್ರಕರಣಗಳನ್ನು ವೈದ್ಯಗ್ರಂಥಗಳಿಂದ ಸಂಗ್ರಹಿಸಿ ಪರಿಶೀಲಿಸಿದರು. ಅವರು ಕಂಡ ಐದು ವರ್ಗಗಳಲ್ಲಿ ಅತಿ ದೊಡ್ಡದು, ಸುಮಾರು ಅರ್ಧದಷ್ಟು, ಮಗುವನ್ನು ಕಷ್ಟದಿಂದ ಪಾರುಮಾಡುತ್ತಿದ್ದೇನೆಂಬ ನಂಬಿಕೆಯಿಂದ ನಡೆದವುಗಳದು. ದ್ವೇಷದಿಂದ ನಡೆದುದೆಂದು ನಾವು ಎಣಿಸುವ ಕೃತ್ಯವು ಹೀಗೆ ಅನೇಕ ಸಲ, ರೋಗದಿಂದ ವಿಕಾರಗೊಂಡ ವಾತ್ಸಲ್ಯದಿಂದಲೇ ನಡೆದುಹೋಗಿರುತ್ತದೆ.

ಸಾಕ್ಷಿ ಉಳಿದ ಒಂದು ಪ್ರಕರಣ

ನಮ್ಮ ಸುತ್ತಲಿನ ಇಂತಹ ಮರಣಗಳಲ್ಲಿ ರೋಗದ ಚರಿತ್ರೆಯನ್ನು ಹೇಳಬಲ್ಲ ವ್ಯಕ್ತಿಯೂ ಇಲ್ಲವಾಗುತ್ತಾನೆ. ಉಳಿಯುವುದು ಪೊಲೀಸರ ಒಂದು ಪುಟದ ವರದಿ ಮಾತ್ರ. ಆದುದರಿಂದ, ಆ ವ್ಯಕ್ತಿ ಬದುಕಿ ಉಳಿದು, ವೈದ್ಯರೂ ನ್ಯಾಯಾಲಯವೂ ವರ್ಷಗಟ್ಟಲೆ ವಿಚಾರಣೆ ಮಾಡಿದ ಒಂದು ಪ್ರಕರಣವನ್ನು, ಅದು ದೂರದೇಶದ್ದಾದರೂ, ಇಲ್ಲಿ ತೆಗೆದುಕೊಳ್ಳುತ್ತೇವೆ.

ಅಮೆರಿಕದ ಟೆಕ್ಸಾಸ್ ಪ್ರಾಂತದ ಹೂಸ್ಟನ್ ನಗರದಲ್ಲಿ ಆಂಡ್ರಿಯಾ ಯೇಟ್ಸ್ ಎಂಬ ಗೃಹಿಣಿಗೆ 1999ರಲ್ಲಿ, ನಾಲ್ಕನೆಯ ಮಗು ಹುಟ್ಟಿದ ಕೆಲವು ತಿಂಗಳಿಗೆ, ತೀವ್ರ ಖಿನ್ನತೆ ಬಂದಿತು. ಆಕೆ ಎರಡು ಬಾರಿ ಪ್ರಾಣ ಕಳೆದುಕೊಳ್ಳಲು ಯತ್ನಿಸಿದಳು. ಆಸ್ಪತ್ರೆಯಲ್ಲಿ ಹ್ಯಾಲೊಪೆರಿಡಾಲ್ ಎಂಬ ಭ್ರಾಂತಿನಿವಾರಕ ಔಷಧವೂ ಸೇರಿದ ಚಿಕಿತ್ಸೆ ದೊರೆತಾಗ ಆಕೆ ಗುಣಮುಖಳಾದಳು. ಇನ್ನೊಂದು ಹೆರಿಗೆಯಾದರೆ ರೋಗ ಮರುಕಳಿಸುವುದೆಂದು ವೈದ್ಯರು ಎಚ್ಚರಿಸಿದರು. ಔಷಧ ನಿಂತಿತು. 2000ದ ನವೆಂಬರಿನಲ್ಲಿ ಐದನೆಯ ಮಗು ಹುಟ್ಟಿತು. 2001ರ ಮಾರ್ಚಿಯಲ್ಲಿ ಆಕೆಯ ತಂದೆ ತೀರಿಕೊಂಡರು. ಆಕೆ ಮಾತು ಬಿಟ್ಟಳು, ಊಟ ಬಿಟ್ಟಳು. ಮತ್ತೆ ಆಸ್ಪತ್ರೆ, ಮತ್ತೆ ಅದೇ ಔಷಧ. ಆದರೆ ಜೂನ್ ತಿಂಗಳ ಮೊದಲ ದಿನಗಳಲ್ಲಿ ಆ ಔಷಧವನ್ನು ನಿಲ್ಲಿಸಲಾಯಿತು. ಜೂನ್ 20ರ ಬೆಳಿಗ್ಗೆ ಪತಿ ಕೆಲಸಕ್ಕೆ ಹೊರಟು ಅತ್ತೆ ಮನೆಗೆ ಬರುವುದರೊಳಗಿನ ಸುಮಾರು ಒಂದು ಗಂಟೆಯ ಅವಧಿಯಲ್ಲಿ ಆಕೆ ತನ್ನ ಐವರು ಮಕ್ಕಳನ್ನೂ ಕೊಂದಳು. ದೊಡ್ಡವನಿಗೆ ಏಳು ವರ್ಷ. ಚಿಕ್ಕ ಮಗುವಿಗೆ ಆರು ತಿಂಗಳು. ತಾನೇ ಪೊಲೀಸರನ್ನು ಕರೆದಳು. ತಾನು ಕೆಟ್ಟ ತಾಯಿ, ತನ್ನ ಕೈಯಲ್ಲಿ ಬೆಳೆದರೆ ಮಕ್ಕಳು ನರಕಕ್ಕೆ ಹೋಗುವರು, ಈಗಲೇ ಸತ್ತರೆ ಅವರಿಗೆ ಸದ್ಗತಿಯಾಗುವುದು ಎಂಬುದು ಆಕೆಯ ನಂಬಿಕೆಯಾಗಿತ್ತು.

2002ರಲ್ಲಿ ನ್ಯಾಯಾಲಯ ಆಕೆಯನ್ನು ಅಪರಾಧಿಯೆಂದಿತು. 2005ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿತು. 2006ರ ಮರುವಿಚಾರಣೆಯಲ್ಲಿ, ಕೃತ್ಯದ ಸಮಯದಲ್ಲಿ ಆಕೆಗೆ ಚಿತ್ತಸ್ವಾಸ್ಥ್ಯವಿರಲಿಲ್ಲವಾದ್ದರಿಂದ ಆಕೆ ಅಪರಾಧಿಯಲ್ಲವೆಂದು ತೀರ್ಮಾನವಾಗಿ, ಆಕೆಯನ್ನು ಮಾನಸಿಕ ಆಸ್ಪತ್ರೆಗೆ ಕಳುಹಿಸಲಾಯಿತು.

ಈ ಚರಿತ್ರೆಯನ್ನು ವಿಜ್ಞಾನದ ವಿದ್ಯಾರ್ಥಿಯ ದೃಷ್ಟಿಯಿಂದ ನೋಡೋಣ. ಹೆಂಗಸು ಅವಳೇ, ಮಕ್ಕಳ ಮೇಲಿನ ಮಮತೆಯೂ ಅದೇ. ಸಾವಧಾನವಾಗಿ ಚಿಕಿತ್ಸೆ ನಡೆದಾಗ ಮನಸ್ಸು ತಿಳಿಯಾಯಿತು. ಚಿಕಿತ್ಸೆ ತಪ್ಪಿದಾಗ ಕದಡಿತು. ಒಂದೇ ಪ್ರಕರಣದಿಂದ ನಿಯಮವನ್ನು ಸ್ಥಾಪಿಸಲಾಗದು, ನಿಜ. ಆದರೂ ಸ್ವಭಾವದ ದುಷ್ಟತನವನ್ನು ಕಾರಣವೆನ್ನುವವರು ಈ ಏರಿಳಿತಕ್ಕೆ ಸಮಾಧಾನ ಹೇಳಲಾರರು. ಇನ್ನೊಂದು ಅಂಶ: ರೋಗ ಕಾಣಿಸಿದ ದಿನಕ್ಕೂ ದುರಂತಕ್ಕೂ ನಡುವೆ ಒಂದು ದಿನವಲ್ಲ, ಎರಡು ವರ್ಷ ಕಳೆದಿದ್ದವು.

ಬಾಣಂತಿ ಸನ್ನಿ

ಆ ತಾಯಿಯ ರೋಗದ ಒಂದು ರೂಪವು ನಮ್ಮ ಹಳ್ಳಿಯ ಅಜ್ಜಿಯರಿಗೂ ಗೊತ್ತಿದ್ದುದೇ. ‘ಬಾಣಂತಿ ಸನ್ನಿ’ ಎಂಬ ಮಾತು ಕನ್ನಡದಲ್ಲಿ ಹಳೆಯದು. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಬಹುಮಟ್ಟಿಗೆ ಮೊದಲ ಎರಡು ವಾರಗಳೊಳಗೆ, ಬಾಣಂತಿಗೆ ನಿದ್ದೆ ಪೂರ್ತಿ ಹಾರಿಹೋಗಿ, ಮನಸ್ಸು ಗೊಂದಲಗೊಂಡು, ಭ್ರಾಂತಿಗಳು ಕಾಣಿಸಿಕೊಳ್ಳುತ್ತವೆ. ಮಗು ತನ್ನದಲ್ಲವೆಂದೋ, ಅದಕ್ಕೆ ದೆವ್ವ ಹಿಡಿದಿದೆಯೆಂದೋ ಆಕೆ ಹೇಳಬಹುದು. ಹೆರಿಗೆಯಾದೊಡನೆ ದೇಹದಲ್ಲಿ ಹಾರ್ಮೋನುಗಳ ಮಟ್ಟ ಹಠಾತ್ತಾಗಿ ಇಳಿಯುವುದು, ನಿದ್ರಾಭಂಗ, ವಂಶದಲ್ಲಿ ಬಂದ ಪ್ರವೃತ್ತಿ ಇವೆಲ್ಲವೂ ಇದರಲ್ಲಿ ಸೇರಿವೆ. ಅಜ್ಜಿಯರು ಇದನ್ನು ಶೀತದಿಂದ ಬಂದುದೆಂದು ತಿಳಿದಿದ್ದುದು ತಪ್ಪಿರಬಹುದು; ಆದರೆ ಬಾಣಂತಿಯನ್ನು ಒಂಟಿಯಾಗಿ ಬಿಡಬಾರದೆಂಬ ಅವರ ಕಟ್ಟಳೆ ಬಹಳ ಸರಿಯಾದುದು.

ಈಗ ಇದು ತುರ್ತಾಗಿ ಆಸ್ಪತ್ರೆಗೆ ಸೇರಿಸಬೇಕಾದ, ಆದರೆ ಚೆನ್ನಾಗಿ ಗುಣವಾಗುವ ರೋಗವೆಂದು ಗೊತ್ತಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2009ರಲ್ಲಿ, ತಾಯಿಯನ್ನೂ ಮಗುವನ್ನೂ ಅಗಲಿಸದೆ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಮಾಡುವ ವಿಭಾಗ ಆರಂಭವಾಯಿತು.

ಗುಣವಾಗುವ ರೋಗ

‘ತಲೆ ಕೆಟ್ಟರೆ ಮದ್ದಿಲ್ಲ’ ಎಂಬ ಮಾತು ಒಂದು ಕಾಲದಲ್ಲಿ ನಿಜವಾಗಿತ್ತು. ಇಂದು ನಿಜವಲ್ಲ. ನಮ್ಮ ದೇಶದ ಸರ್ಪಗಂಧಿಯ ಬೇರು ಉನ್ಮಾದವನ್ನು ಶಮನಗೊಳಿಸುವುದೆಂದು ಕಲ್ಕತ್ತೆಯ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಅವರು 1931ರಲ್ಲಿ ಪ್ರಕಟಿಸಿದರು. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಅವರು ಲಿಥಿಯಂ ಲವಣಗಳ ಗುಣವನ್ನು ಕಂಡರು. 1952ರಲ್ಲಿ ಪ್ಯಾರಿಸಿನ ಡಿಲೇ ಮತ್ತು ಡೆನಿಕರ್ ಅವರು ಕ್ಲೋರ್‌ಪ್ರೊಮಜೀನ್ ಎಂಬ ಔಷಧದಿಂದ ಭ್ರಾಂತಿಗಳು ಇಳಿಯುವುದನ್ನು ತೋರಿಸಿದರು. ಸ್ವಿಟ್ಜರ್ಲೆಂಡಿನ ರೋಲಾಂಡ್ ಕೂನ್ ಅವರು ಇಮಿಪ್ರಮೀನ್ ಖಿನ್ನತೆಯನ್ನು ಕಳೆಯುವುದೆಂದು 1957ರಲ್ಲಿ ವರದಿ ಮಾಡಿದರು. ಈ ಔಷಧಗಳು ಮಿದುಳಿನ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕಗಳ ಮೇಲೆ ವರ್ತಿಸುತ್ತವೆ. ಇಂದು ಇವುಗಳ ಸಂತತಿಗೆ ಸೇರಿದ ಅನೇಕ ಮಾತ್ರೆಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ಪ್ರಾಣಾಪಾಯ ಸಮೀಪಿಸಿದಾಗ ಅರಿವಳಿಕೆ ಕೊಟ್ಟು ಮಾಡುವ ವಿದ್ಯುತ್ ಚಿಕಿತ್ಸೆಯೂ ಇದೆ. ಅರಿವಳಿಕೆಯಿಲ್ಲದೆ ಅದನ್ನು ಮಾಡುವುದನ್ನು ಕಾನೂನು ನಿಷೇಧಿಸಿದೆ.

ಆದರೆ ಔಷಧದ ವಿಷಯದಲ್ಲಿ ಎರಡು ಸಂಗತಿಗಳನ್ನು ನೆನಪಿಡಬೇಕು. ಖಿನ್ನತೆಯ ಔಷಧ ತಲೆನೋವಿನ ಮಾತ್ರೆಯಂತೆ ಒಂದು ಗಂಟೆಯಲ್ಲಿ ಫಲ ಕೊಡುವುದಿಲ್ಲ. ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಆ ವಾರಗಳಲ್ಲಿ ರೋಗಿಯ ಜೊತೆ ಯಾರಾದರೂ ಇರಬೇಕು. ಗುಣ ಕಂಡ ಮೇಲೂ ವೈದ್ಯರು ಹೇಳುವವರೆಗೆ, ಸಾಮಾನ್ಯವಾಗಿ ಆರು ತಿಂಗಳಾದರೂ, ಔಷಧವನ್ನು ಮುಂದುವರಿಸಬೇಕು. ‘ಈಗ ಚೆನ್ನಾಗಿದ್ದಾಳೆ, ಮಾತ್ರೆ ಏಕೆ?’ ಎಂಬ ತೀರ್ಮಾನ ಬಹಳ ಅಪಾಯಕರ.

ವಿಳಂಬದ ಲೆಕ್ಕ

ಔಷಧವಿದ್ದ ಮೇಲೂ ಜನ ಸಾಯುವುದೇಕೆ? ರೋಗಿಗೂ ಔಷಧಕ್ಕೂ ನಡುವೆ ಇರುವ ಅಂತರದಿಂದ. ಈ ಅಂತರವನ್ನು ಅಳೆಯಲಾಗಿದೆ. ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇಕಡಾ 10.6 ಮಂದಿ ಯಾವುದಾದರೊಂದು ಮಾನಸಿಕ ತೊಂದರೆಯಲ್ಲಿದ್ದರು. ತೊಂದರೆಯ ಬಗೆಗೆ ಅನುಸಾರವಾಗಿ ಅವರಲ್ಲಿ ಶೇಕಡಾ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ನೂರು ಜನರಿಗೆ ಕಾಲು ಮುರಿದು ಎಪ್ಪತ್ತು ಜನ ಮನೆಯಲ್ಲಿಯೇ ಬಿದ್ದಿದ್ದರೆ ಅದನ್ನು ನಾವು ಹಗರಣವೆನ್ನುತ್ತೇವೆ. ಮನಸ್ಸಿನ ವಿಷಯದಲ್ಲಿ ಅದು ಸುದ್ದಿಯೂ ಆಗುವುದಿಲ್ಲ.

ಸರ್ಕಾರದ ಅಪರಾಧ ದಾಖಲೆಗಳ ಬ್ಯೂರೊ 2022ರಲ್ಲಿ ದೇಶದಲ್ಲಿ 1,70,924 ಆತ್ಮಹತ್ಯೆಗಳನ್ನು ಎಣಿಸಿತು. ಕಾರಣದ ಕಲಮಿನಲ್ಲಿ ಅತಿ ದೊಡ್ಡ ಪಾಲು, ಶೇಕಡಾ 31.7, ‘ಕೌಟುಂಬಿಕ ಸಮಸ್ಯೆ’ಯದು, ‘ಅನಾರೋಗ್ಯ’ದ್ದು ಶೇಕಡಾ 18.4. ಆದರೆ ಒಂದು ಸಾವಿಗೆ ಒಂದೇ ಕಾರಣವನ್ನು ಬರೆಯುವ ಇಂತಹ ಕಲಮಿನಲ್ಲಿ, ಜಗಳದ ಹಿಂದೆ ಇದ್ದ ಖಿನ್ನತೆ, ಸಾಲದ ಹಿಂದೆ ಇದ್ದ ಕುಡಿತದ ಚಟ ಕಾಣದೆ ಹೋಗುವುದು ಸಹಜ.

ಅಂತರವನ್ನು ಕಿರಿದುಮಾಡುವ ಪ್ರಯತ್ನದಲ್ಲಿ ನಮ್ಮ ನಾಡು ಹಿಂದೆ ಬಿದ್ದಿರಲಿಲ್ಲವೆಂಬುದು ಸಂತೋಷದ ಸಂಗತಿ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಮೂಲ 1847ರಷ್ಟು ಹಿಂದಿನದು. ಅದು 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಡನೆ 1974ರಲ್ಲಿ ಸೇರಿ ನಿಮ್ಹಾನ್ಸ್ ಆಯಿತು. ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಹಳ್ಳಿಯಲ್ಲಿಯೇ ಚಿಕಿತ್ಸೆ ಮಾಡಬಹುದೆಂಬುದನ್ನು 1970ರ ದಶಕದಲ್ಲಿ ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಪರೀಕ್ಷಿಸಲಾಯಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಅದೇ ಕ್ರಮವನ್ನು ಇಡೀ ಜಿಲ್ಲೆಗೆ ವಿಸ್ತರಿಸಿದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ತೀರ್ಥಹಳ್ಳಿಯಲ್ಲಿಯೂ, ಗುಬ್ಬಿಗೆ ನೆರೆಯ ತುರುವೇಕೆರೆ ತಾಲ್ಲೂಕಿನಲ್ಲಿಯೂ ನಿಮ್ಹಾನ್ಸ್ ವೈದ್ಯರು ಹಳ್ಳಿಗಳಲ್ಲಿನ ಸ್ಕಿಜೋಫ್ರೇನಿಯಾ ರೋಗಿಗಳನ್ನು ಗುರುತಿಸಿ ಚಿಕಿತ್ಸೆಗೆ ತಂದರು. ಔಷಧ ಪಡೆದವರು ಪಡೆಯದವರಿಗಿಂತ ತಮ್ಮ ಕೆಲಸಕಾರ್ಯಗಳನ್ನು ಹೆಚ್ಚು ಚೆನ್ನಾಗಿ ನಿರ್ವಹಿಸಬಲ್ಲರೆಂಬುದು ತೀರ್ಥಹಳ್ಳಿಯ ಅಧ್ಯಯನದಿಂದ ಸ್ಪಷ್ಟವಾಯಿತು.

ಮನೆಯವರು ಮಾಡಬಹುದಾದುದು

ಹಾಗಾದರೆ ಸಾಮಾನ್ಯರು ಗಮನಿಸಬೇಕಾದುವು ಯಾವುವು? ಎರಡು ವಾರಕ್ಕೂ ಹೆಚ್ಚು ಕಾಲ ಕಾಡುವ ನಿದ್ರಾಹೀನತೆ, ಅದರಲ್ಲಿಯೂ ಮೂರು ನಾಲ್ಕು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಬರದಿರುವುದು. ಊಟ ಸೇರದೆ ಇಳಿದುಹೋಗುವುದು. ಮಾತು, ನಡೆ ನಿಧಾನವಾಗುವುದು. ಇಲ್ಲದ ತಪ್ಪಿಗೆ ತನ್ನನ್ನು ನಿಂದಿಸಿಕೊಳ್ಳುವುದು. ‘ನನ್ನಿಂದ ಎಲ್ಲರಿಗೂ ಕಷ್ಟ’, ‘ನಾನು ಹೋದರೆ ಈ ಮಕ್ಕಳನ್ನು ಯಾರು ನೋಡುವರು?’ ಎಂಬ ಮಾತುಗಳು. ಈ ಕೊನೆಯ ಮಾತನ್ನು ಹಗುರವಾಗಿ ಎಂದೂ ತೆಗೆದುಕೊಳ್ಳಬಾರದು. ಬಹಳ ದಿನ ಕುದಿಯುತ್ತಿದ್ದವರು ಕಾರಣವಿಲ್ಲದೆ ಒಮ್ಮೆಲೇ ಶಾಂತರಾದರೆ ಅದನ್ನೂ ಗುಣವೆಂದು ತಿಳಿದು ಎಚ್ಚರ ತಪ್ಪಬಾರದು.

ಸಂದೇಹ ಬಂದಾಗ ಮೃದುವಾಗಿ, ಆದರೆ ನೇರವಾಗಿ ಕೇಳಬೇಕು: ‘ಸಾಯಬೇಕೆನ್ನಿಸುತ್ತಿದೆಯೆ? ಮಕ್ಕಳ ವಿಷಯದಲ್ಲಿ ಏನಾದರೂ ಯೋಚನೆ ಬರುತ್ತಿದೆಯೆ?’ ಕೇಳಿದರೆ ಇಲ್ಲದ ಯೋಚನೆಯನ್ನು ಹುಟ್ಟಿಸಿದಂತಾಗುವುದೆಂಬ ಭಯ ಅನೇಕರಲ್ಲಿದೆ. ಆ ಭಯಕ್ಕೆ ಆಧಾರವಿಲ್ಲವೆಂದು ಸಂಶೋಧನೆಗಳು ತೋರಿಸಿವೆ. ಕೇಳಿಸಿಕೊಂಡವರಿಗೆ ಅದರಿಂದ ಭಾರ ಇಳಿಯುವುದೇ ಹೆಚ್ಚು. ಉತ್ತರ ಆತಂಕಕರವಾಗಿದ್ದರೆ ಅವರನ್ನಾಗಲಿ, ಅವರೊಡನೆ ಮಕ್ಕಳನ್ನಾಗಲಿ ಒಂಟಿಯಾಗಿ ಬಿಡದೆ, ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ತೋಟದ ಔಷಧಿಗಳನ್ನು ಮನೆಯಿಂದ ದೂರವಾಗಿ ಬೀಗದಲ್ಲಿ ಇಡುವುದೂ ಒಂದು ಚಿಕಿತ್ಸೆಯೇ. ಶ್ರೀಲಂಕಾ ದೇಶವು ಅತ್ಯಂತ ವಿಷಕಾರಿಯಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರಿಂದ ಮುಂದಿನ ಎರಡು ದಶಕಗಳಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇಕಡಾ 70ರಷ್ಟು ಇಳಿಯಿತು. ಸಾಯಬೇಕೆಂಬ ತೀವ್ರತೆ ಬಹುಮಂದಿಯಲ್ಲಿ ಅಲ್ಪಕಾಲದ್ದು. ಆ ಹೊತ್ತು ಕಳೆದರೆ ಜೀವ ಉಳಿಯುತ್ತದೆ ಎಂಬುದಕ್ಕೆ ಇದು ಪ್ರಮಾಣ.

ದೇವರಿಗೆ ಹರಕೆ ಹೊರುವವರನ್ನು ನಾವು ತಡೆಯುವುದಿಲ್ಲ. ಹರಕೆಗೂ ಮಾತ್ರೆಗೂ ವಿರೋಧವಿಲ್ಲ. ಒಂದಕ್ಕಾಗಿ ಇನ್ನೊಂದನ್ನು ತಿಂಗಳುಗಟ್ಟಲೆ ಮುಂದೂಡುವುದು ಮಾತ್ರ ಕೂಡದು. ಕಾನೂನಿಗೂ ಹೆದರಬೇಕಾಗಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯವೆಂದು ವಿಧಿಸಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ದೂರವಾಣಿಯ ಸಂಖ್ಯೆ 14416. ಹಗಲಿರುಳೆನ್ನದೆ, ಹಣವಿಲ್ಲದೆ, ಕನ್ನಡದಲ್ಲಿಯೇ ಇಲ್ಲಿ ಮಾತನಾಡಬಹುದು. ರೋಗಿಯೇ ಕರೆಯಬೇಕೆಂಬ ನಿಯಮವಿಲ್ಲ, ಮನೆಯವರೂ ಕರೆಯಬಹುದು. ಪ್ರತಿಯೊಂದು ಮನೆಯಲ್ಲಿಯೂ ಈ ಐದು ಅಂಕಿಗಳನ್ನು ಗೋಡೆಯ ಪಂಚಾಂಗದ ಮೇಲೆ ಬರೆದಿಡಬೇಕೆಂದು ನಾವು ಸೂಚಿಸುತ್ತೇವೆ.

ಶೂನ್ಯ ದೋಷವುಳ್ಳ ಸಾಧನ ತನ್ನ ದೋಷವನ್ನು ತಾನೇ ಹೇಳದು ಎಂದೆವಷ್ಟೆ. ಮನಸ್ಸು ಹಾಗಾದವರು ‘ನನಗೆ ರೋಗವಿದೆ, ವೈದ್ಯರಲ್ಲಿಗೆ ಕರೆದೊಯ್ಯಿರಿ’ ಎಂದು ತಾವಾಗಿ ಹೇಳುವರೆಂದು ಕಾಯುವುದು ಆದುದರಿಂದ ನ್ಯಾಯವಲ್ಲ. ಅನೇಕ ವೇಳೆ ಅವರಿಗೆ ರೋಗ ಕಾಣುವುದಿಲ್ಲ, ಲೋಕವೇ ಕೆಟ್ಟಂತೆ ಕಾಣುತ್ತದೆ. ಸರಿಯಾದ ಪ್ರಮಾಣವಿರುವುದು ಪಕ್ಕದಲ್ಲಿರುವವರ ಕೈಯಲ್ಲಿ: ಗಂಡ, ಅತ್ತೆ, ನಾದಿನಿ, ನೆರೆಮನೆಯಾಕೆ, ಶಾಲೆಯ ಮೇಷ್ಟ್ರು, ಆಶಾ ಕಾರ್ಯಕರ್ತೆ. ಮೇವು ಬಿಟ್ಟ ಹಸುವನ್ನು ಗುರುತಿಸಬಲ್ಲ ಊರು ನಿದ್ದೆ ಬಿಟ್ಟ ಮನುಷ್ಯನನ್ನೂ ಗುರುತಿಸಬಲ್ಲದು. ಗುರುತಿಸಿದ ದಿನವೇ ಬಾಗಿಲು ತಟ್ಟಿ ವಿಚಾರಿಸುವ ರೂಢಿಯೊಂದನ್ನು ಹೊಸದಾಗಿ ಬೆಳೆಸಿಕೊಳ್ಳಬೇಕಾಗಿದೆ, ಅಷ್ಟೆ.